ಪರವೂರಿನ ವಿದ್ಯಾರ್ಥಿಗೆ ತಟ್ಟೆ ಇಟ್ಟವರು: ಜತ್ತದಿಂದ ಮಂಗಳೂರಿಗೆ

2005ರ ಜುಲೈ ತಿಂಗಳು. ಮಂಗಳೂರಿನ ಒಂದು ಪಾಲಿಟೆಕ್ನಿಕ್‌ನ ಹಾಸ್ಟೆಲ್. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ನಮ್ಮ ಕೋಣೆಗೆ ಒಬ್ಬ ಹುಡುಗ ತಗಡಿನ ಟ್ರಂಕು ಹೊತ್ತುಕೊಂಡು ಬಂದ. ಇನ್ನೊಂದು ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಅದರಲ್ಲಿ ಏನೆಂದು ನಾವು ಕೇಳುವ ಮೊದಲೇ ಬಿಚ್ಚಿ ತೋರಿಸಿದ. ಹಪ್ಪಳದ ಹಾಗೆ ಒಣಗಿಸಿದ ಜೋಳದ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ. "ಹದಿನೈದು ದಿನಕ್ಕ ಸಾಕಾಗ್ತಾವ, ನೀವೂ ತಿನ್ರಿ" ಎಂದ. ಮಂಗಳೂರಿನ ತೇವಕ್ಕೆ ಆ ರೊಟ್ಟಿಗಳು ಮೂರು ದಿನದಲ್ಲಿ ಮೆತ್ತಗಾದವು, ಐದನೇ ದಿನ ಬೂಷ್ಟು ಹಿಡಿಯಿತು. ಆ ರಾತ್ರಿ ಅವನು ಮೆಸ್ಸಿಗೆ ಬರಲಿಲ್ಲ.

ಅವನ ಊರು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಒಂದು ಹಳ್ಳಿ. ನನ್ನ ಊರು ಕೇರಳದ ಮಂಜೇಶ್ವರ. ನಮ್ಮ ಉಪ್ಪನಿಗೆ ಅಲ್ಲಿ ಜೀನಸು ಅಂಗಡಿ. ಮಂಜೇಶ್ವರದಿಂದ ಮಂಗಳೂರಿಗೆ ರೈಲಿನಲ್ಲಿ ದಿನಾ ಹೋಗಿ ಬರಬಹುದಿತ್ತು. ಆದರೆ ಸಂಜೆ ಅಂಗಡಿಯಲ್ಲಿ ಕೂತರೆ ಹುಡುಗ ಓದುವುದಿಲ್ಲ ಎಂದು ಉಪ್ಪ ಹಾಸ್ಟೆಲಿಗೆ ಸೇರಿಸಿದ್ದರು. ಕೋಣೆಯ ಮೂರನೆಯವನು ಪುತ್ತೂರು ಕಡೆಯವನು. ಡಿಪ್ಲೊಮಾ ಪಾಠವೆಲ್ಲ ಇಂಗ್ಲಿಷಿನಲ್ಲಿ. ನಾವು ಮೂವರೂ ಕನ್ನಡ ಮಾಧ್ಯಮದವರು. ಅರ್ಥವಾಗದಿದ್ದರೆ ನೋಡಲಿಕ್ಕೆಂದು ಹತ್ತನೇ ತರಗತಿಯ ಗಣಿತ, ವಿಜ್ಞಾನದ ಪುಸ್ತಕಗಳನ್ನು ಮೂವರೂ ತಂದಿದ್ದೆವು. ಒಂದು ಕರ್ನಾಟಕದ ಕನ್ನಡ ಪುಸ್ತಕ, ಒಂದು ಕೇರಳ ಸರ್ಕಾರದ ಕನ್ನಡ ಪುಸ್ತಕ, ಒಂದು ಪುಣೆಯ ಬಾಲಭಾರತಿಯಲ್ಲಿ ಅಚ್ಚಾದ ಕನ್ನಡ ಪುಸ್ತಕ. ಒಂದೇ ಭಾಷೆಯ ಮೂರು ರಾಜ್ಯಗಳ ಪುಸ್ತಕಗಳು ಒಂದೇ ಮೇಜಿನ ಮೇಲೆ. ಹದಿನಾರು ವರ್ಷದ ನಮಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಈಗ ಕಾಣುತ್ತದೆ.

ಹೊರಗಿನವರಿಗೆ ಅವನು "ಮರಾಠಿ ಹುಡುಗ", ನಾನು "ಮಲಯಾಳಿ". ಅವನ ಮನೆಮಾತು ಕನ್ನಡ, ನನ್ನದು ಬ್ಯಾರಿ. ಇಬ್ಬರಿಗೂ ಆ ಹೆಸರು ಸೇರುತ್ತಿರಲಿಲ್ಲ.

ಈಗಿನ ಮಕ್ಕಳು ಜರ್ಮನಿಗೋ ಕೆನಡಾಕ್ಕೋ ಹೋಗಿ "ಎಕ್ಸ್‌ಚೇಂಜ್ ಸ್ಟೂಡೆಂಟ್" ಆಗಿ ಒಂದು ವರ್ಷ ಇದ್ದು ಬರುತ್ತಾರೆ. ಮೊದಲ ವಾರದಲ್ಲಿ ಏನೇನು ಮಾಡಬೇಕು, ಎಲ್ಲಿ ಉಣ್ಣಬೇಕು ಎಂದು ಬರೆದ ಲೇಖನಗಳನ್ನು ಓದಿದಾಗ ನನಗೆ ಜತ್ತದ ಗೆಳೆಯ ನೆನಪಾಗುತ್ತಾನೆ. ಅವನು ದೇಶ ದಾಟಿರಲಿಲ್ಲ. ಭಾಷೆಯನ್ನೂ ದಾಟಿರಲಿಲ್ಲ. ಆದರೂ ಪರದೇಶಿಯಾಗಿ ಬಂದಿದ್ದ. ಅದು ಹೇಗಾಯಿತು ಎಂಬುದಕ್ಕೆ ಸ್ವಲ್ಪ ಇತಿಹಾಸ ನೋಡಬೇಕು.

ಜತ್ತ ಹಿಂದೆ ಒಂದು ಸಣ್ಣ ಸಂಸ್ಥಾನ. ಬಿಜಾಪುರದ ಆದಿಲ್‌ಶಾಹಿಗಳಿಂದ ದೇಶಮುಖಿ ಪಡೆದ ಡಫಳೆ ಮನೆತನದವರು ಅದರ ಒಡೆಯರು. ತಾಲೂಕಿನ ಡಫಳಾಪುರ ಎಂಬ ಊರಿನಿಂದಲೇ ಅವರಿಗೆ ಆ ಹೆಸರು. ಬ್ರಿಟಿಷರ ಕಾಲದಲ್ಲಿ ದೀರ್ಘಕಾಲ ಈ ಸಂಸ್ಥಾನ ಬಿಜಾಪುರ ಏಜೆನ್ಸಿಯಲ್ಲಿತ್ತು. ಅಂದರೆ ಜತ್ತದ ದೊಡ್ಡ ಕಚೇರಿ ಕೆಲಸಕ್ಕೆ ನೋಡಬೇಕಾದದ್ದು ಬಿಜಾಪುರದ ಕಡೆಗೆ. ಉಮದಿ, ಸಂಖದಂಥ ಪೂರ್ವದ ಊರುಗಳಿಗೆ ಇವತ್ತಿಗೂ ಸಾಂಗ್ಲಿಗಿಂತ ವಿಜಯಪುರವೇ ಹತ್ತಿರ. ಗುಡ್ಡಾಪುರದ ದಾನಮ್ಮದೇವಿ ಜಾತ್ರೆಗೆ ಕರ್ನಾಟಕದ ಹಳ್ಳಿಗಳಿಂದ ಜನ ನಡೆದುಕೊಂಡೇ ಹೋಗುತ್ತಾರೆ. ಅವರಿಗೆ ಅದು ಬೇರೆ ರಾಜ್ಯದ ದೇವಸ್ಥಾನ ಅಲ್ಲ, ತಮ್ಮ ದೇವಿಯ ಗುಡಿ.

1948ರ ಮಾರ್ಚ್ 8ರಂದು ಸಂಸ್ಥಾನ ಭಾರತದಲ್ಲಿ ಸೇರಿ ಬಾಂಬೆ ಪ್ರಾಂತ್ಯದ ಭಾಗವಾಯಿತು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಜಿಲ್ಲೆ ಹುಟ್ಟಿ, ಜತ್ತ ಅದರೊಳಗೆ ಬಂತು. 1960ರಲ್ಲಿ ಆ ಜಿಲ್ಲೆಗೆ ಸಾಂಗ್ಲಿ ಎಂದು ಹೆಸರಾಯಿತು. ಈ ನಡುವೆ 1956ರ ನವೆಂಬರ್ 1 ಬಂದು ಹೋಗಿತ್ತು. ಬಿಜಾಪುರ, ಬೆಳಗಾವಿ, ಧಾರವಾಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಜತ್ತ ಅಲ್ಲೇ ಉಳಿಯಿತು. ಅದೇ ದಿನ, ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಒಂದೇ ದಿನ, ಒಂದೇ ಕಾನೂನು. ಅವನ ಅಜ್ಜನೂ ನನ್ನ ಅಜ್ಜನೂ ಮಲಗಿದ್ದ ಮನೆ ಬಿಟ್ಟು ಕದಲಲಿಲ್ಲ, ಬೆಳಿಗ್ಗೆ ಎದ್ದಾಗ ರಾಜ್ಯದ ಗೆರೆ ಮನೆಯ ಆಚೆ ಬದಿಗೆ ಬಿದ್ದಿತ್ತು.

ಹತ್ತು ವರ್ಷದ ನಂತರ, 1966ರಲ್ಲಿ ಮೆಹರ್‌ಚಂದ್ ಮಹಾಜನ್ ಆಯೋಗ ನೇಮಕವಾಯಿತು. 1967ರ ವರದಿಯಲ್ಲಿ ಅವರು ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಮತ್ತು ಜತ್ತದ ಹಲವು ಹಳ್ಳಿಗಳೂ ಸೇರಿ 247 ಹಳ್ಳಿಗಳನ್ನು ಮೈಸೂರಿಗೆ ಕೊಡಬೇಕು ಎಂದರು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಕೊಡಬೇಕು ಎಂದರು. ವರದಿ ಜಾರಿಯಾಗಲಿಲ್ಲ. ನಮ್ಮೂರಿನಲ್ಲಿ "ಮಹಾಜನ್ ವರದಿ" ಎಂದರೆ ಹಳೆ ತಲೆಮಾರಿನವರೆಲ್ಲರಿಗೂ ಗೊತ್ತು. ಜತ್ತದಲ್ಲೂ ಹಾಗೆಯೇ. ಎರಡು ಊರುಗಳ ನಡುವೆ ನೂರಾರು ಮೈಲಿ ಇದ್ದರೂ ಅಂಗಡಿ ಕಟ್ಟೆಯ ಮಾತು ಒಂದೇ.

ಆ ವರದಿಯ ನೆರಳು ಉಳಿದದ್ದು ವಿದ್ಯಾರ್ಥಿಗಳ ಅರ್ಜಿಯಲ್ಲಿ. ಕರ್ನಾಟಕದ ವೃತ್ತಿ ಶಿಕ್ಷಣ ಪ್ರವೇಶದ ಕೈಪಿಡಿ ತೆರೆದರೆ ಗಡಿನಾಡ ಕನ್ನಡಿಗರಿಗೆ ಒಂದು ಕಲಮು ಇದೆ. ಅದರಲ್ಲಿ ಊರುಗಳ ಪಟ್ಟಿ: ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕಾಸರಗೋಡು, ಹೊಸದುರ್ಗ. 2014ರಲ್ಲಿ ಮಂಜೇಶ್ವರ ಬೇರೆ ತಾಲೂಕಾದ ಮೇಲೆ ಅದೂ ಸೇರಿತು. ಆ ಮಕ್ಕಳು ಕನ್ನಡ ಪರೀಕ್ಷೆಯೊಂದನ್ನು ಬರೆದು ಪಾಸಾಗಬೇಕು. ಕರ್ನಾಟಕದೊಳಗೆ ಓದಿದವರಿಗೆ ಆ ಪರೀಕ್ಷೆ ಇಲ್ಲ. ಕಾಗದದ ಮೇಲೆ ಜತ್ತ ಮತ್ತು ಮಂಜೇಶ್ವರ ನೆರೆಮನೆಗಳಾದದ್ದು ಹೀಗೆ. ನಮ್ಮ ಕೋಣೆ ಆ ಕಲಮಿನ ಎರಡು ತುದಿಗಳನ್ನು ಒಟ್ಟಿಗೆ ಇಟ್ಟಿತ್ತು.

ಕಾಗದದ ಕಷ್ಟ ಅವನು ಅನುಭವಿಸಿದಷ್ಟು ನಾನು ಅನುಭವಿಸಲಿಲ್ಲ. ಅವನ ಅಂಕಪಟ್ಟಿ ಒಂದು ಬೋರ್ಡಿನದು, ವಾಸದ ದಾಖಲೆ ಮರಾಠಿಯಲ್ಲಿ, ಜಾತಿ ಪ್ರಮಾಣಪತ್ರ ಇನ್ನೊಂದು ರಾಜ್ಯದ್ದು. ಒಂದು ಕಚೇರಿಯಲ್ಲಿ "ಇದು ನಮಗೆ ನಡೆಯುವುದಿಲ್ಲ, ಕನ್ನಡಕ್ಕೆ ಮಾಡಿಸಿ ತಾ" ಎಂದರು. ಮಾಡಿಸಿ ತಂದರೆ "ಮೂಲ ಎಲ್ಲಿ?" ಎಂದರು. ಅವನ ಅಪ್ಪ ಅವ್ವ ಆಗ ಕಬ್ಬು ಕಡಿಯಲು ಗ್ಯಾಂಗಿನ ಜೊತೆ ಕೊಲ್ಲಾಪುರದ ಕಡೆ ಹೋಗಿದ್ದರು. ಮನೆಯಲ್ಲಿ ಅಜ್ಜಿ ಒಬ್ಬಳೇ. ಮೂರು ತಿಂಗಳು ಅವನಿಗೆ ವಿದ್ಯಾರ್ಥಿವೇತನ ಬರಲಿಲ್ಲ, ಮೆಸ್ಸಿನ ಬಿಲ್ಲು ಬಾಕಿ ಬಿತ್ತು. ಓದು ಬಿಟ್ಟು ಹೋಗುತ್ತೇನೆ ಎಂದು ಎರಡು ಸಲ ಟ್ರಂಕು ಕಟ್ಟಿದ.

ಇಲ್ಲಿ ಸ್ವಲ್ಪ ಹಿಂದೆ ಹೋಗುತ್ತೇನೆ. ಯಾಕೆಂದರೆ ಓದಲಿಕ್ಕೆ ಪರವೂರಿಗೆ ಹೋಗುವುದು ಆ ಕಡೆಯ ಕನ್ನಡಿಗರಿಗೆ ಹೊಸದಲ್ಲ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗುವವರೆಗೆ ಅಲ್ಲಿಯ ಹುಡುಗರು ಬಿ.ಎ. ಮಾಡಬೇಕಿದ್ದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಆಲೂರು ವೆಂಕಟರಾಯರು ಹುಟ್ಟಿದ್ದು 1880ರಲ್ಲಿ, ಬಿಜಾಪುರದಲ್ಲಿ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಅದೇ ವರ್ಷ ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ಓದಿದ್ದು ಮುಂಬಯಿಯಲ್ಲಿ. ಅಲ್ಲಿ ಇವರಿಬ್ಬರೂ ಕಂಡದ್ದು ತಮ್ಮ ಭಾಷೆಯ ಬಗ್ಗೆ ಮರಾಠಿಗರಿಗೂ ಗುಜರಾತಿಗಳಿಗೂ ಇದ್ದ ಅಭಿಮಾನ, ಅವರು ಕಟ್ಟಿಕೊಂಡಿದ್ದ ಪತ್ರಿಕೆ, ಸಂಘ, ನಾಟಕ. ನಮಗೆ ಯಾಕೆ ಇದಿಲ್ಲ ಎಂಬ ಪ್ರಶ್ನೆ ಹಿಡಿದುಕೊಂಡು ಊರಿಗೆ ಬಂದರು. ಆಲೂರರು 1917ರಲ್ಲಿ 'ಕರ್ನಾಟಕ ಗತವೈಭವ' ಬರೆದು ಏಕೀಕರಣದ ಮಾತು ಊರೂರಿಗೆ ಒಯ್ದರು. ಹಳಕಟ್ಟಿಯವರು ಬಿಜಾಪುರದಲ್ಲಿ ನೆಲೆಸಿ, 1910ರಲ್ಲಿ ಅಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿ, ವಚನಗಳ ತಾಳೆಗರಿ ಹುಡುಕುತ್ತ ಬದುಕು ಕಳೆದರು.

ನಾನು ಇತಿಹಾಸ ಓದಿದವನಲ್ಲ, ಲೇತು ಮಿಲ್ಲಿಂಗು ಕಲಿತವನು. ಆದರೂ ನನಗೆ ಒಂದು ವಿಷಯ ಗಟ್ಟಿಯಾಗಿ ಅನಿಸುತ್ತದೆ. ಕರ್ನಾಟಕ ಒಂದಾಗಬೇಕು ಎಂಬ ಆಸೆಗೆ ನೀರೆರೆದವರಲ್ಲಿ ಪರವೂರಿನಲ್ಲಿ ಓದಿದ ವಿದ್ಯಾರ್ಥಿಗಳು ಮುಖ್ಯರು. ಮನೆಯಿಂದ ದೂರ ಹೋದಾಗಲೇ ಮನೆ ಯಾವುದು ಎಂದು ಗೊತ್ತಾಗುವುದು. ಆ ಆಸೆ 1956ರಲ್ಲಿ ಕೈಗೂಡಿದಾಗ ಜತ್ತ ಹೊರಗುಳಿಯಿತು, ಕಾಸರಗೋಡು ಹೊರಗುಳಿಯಿತು. ಆಲೂರರ ಕಾಲದಲ್ಲಿ ಬಿಜಾಪುರದ ಹುಡುಗ ಪುಣೆಯಲ್ಲಿ ಪರಕೀಯ. ನಮ್ಮ ಕಾಲದಲ್ಲಿ ಜತ್ತದ ಹುಡುಗ ಕರ್ನಾಟಕದಲ್ಲೇ ಪರಕೀಯ.

ಗೆರೆ ಬೀಳುವ ಮೊದಲು ಆ ಸೀಮೆ ಹೇಗಿತ್ತು ಎಂಬುದಕ್ಕೆ ಎರಡು ಹೆಸರು ಸಾಕು. ರಂ.ಶ್ರೀ. ಮುಗಳಿಯವರು ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ದಶಕಗಳ ಕಾಲ ಕನ್ನಡ ಕಲಿಸಿದರು. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರು. ಅಂದರೆ ಜತ್ತದ ಹುಡುಗ ಪಶ್ಚಿಮಕ್ಕೆ ಸಾಂಗ್ಲಿಗೆ ಹೋದರೆ ಮುಗಳಿ, ಉತ್ತರಕ್ಕೆ ಸೊಲ್ಲಾಪುರಕ್ಕೆ ಹೋದರೆ ಬೇಂದ್ರೆ. ಇದಕ್ಕಿಂತ ದೊಡ್ಡ ಕನ್ನಡ ಕಾಲೇಜು ಎಲ್ಲಿದೆ? ಮುಗಳಿಯವರ 'ಕನ್ನಡ ಸಾಹಿತ್ಯ ಚರಿತ್ರೆ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1956ರಲ್ಲಿ, ಗೆರೆ ಬಿದ್ದ ವರ್ಷದಲ್ಲೇ. ನಮ್ಮ ಕಡೆಗೆ ಬಂದರೆ, ಮಂಜೇಶ್ವರದ ಗೋವಿಂದ ಪೈಗಳು ಮಂಗಳೂರಿನಲ್ಲಿ ಓದಿ, ಮುಂದೆ ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಹೋದರು. ಆಗ ಮಂಗಳೂರೂ ಮಂಜೇಶ್ವರವೂ ಮದ್ರಾಸ್ ಪ್ರಾಂತ್ಯವೇ. ಮಂಗಳೂರಿನಲ್ಲಿ ಓದಲು ಮಂಜೇಶ್ವರದ ಹುಡುಗನಿಗೆ ಯಾವ ಸರ್ಟಿಫಿಕೇಟೂ ಬೇಕಿರಲಿಲ್ಲ.

ಸರಿ, ಪರವೂರಿಗೆ ಹೋದವರು ಎಲ್ಲಿ ಉಂಡರು, ಎಲ್ಲಿ ಮಲಗಿದರು? ನನ್ನ ಮಟ್ಟಿಗೆ ವಿದ್ಯಾರ್ಥಿಗಳ ಇತಿಹಾಸ ಎಂದರೆ ಇದೇ.

ಕನ್ನಡ ನಾಡಿನಲ್ಲೂ ಮಹಾರಾಷ್ಟ್ರದಲ್ಲೂ ವಾರಾನ್ನ ಎಂಬ ಪದ್ಧತಿ ಇತ್ತು. ಬಡ ಹುಡುಗ ಊರಿನ ಏಳು ಮನೆ ಹಿಡಿಯುತ್ತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಇದು ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೆ ದಕ್ಕಿದ ಸೌಲಭ್ಯ. ಮಿಕ್ಕ ಜಾತಿಯ ಮಕ್ಕಳಿಗೆ ಪೇಟೆಯಲ್ಲಿ ತಟ್ಟೆ ಇಡುವವರು ಕಡಿಮೆ. ಅದನ್ನು ಕಂಡೇ ಕೊಲ್ಲಾಪುರದ ಶಾಹೂ ಮಹಾರಾಜರು 1901ರಿಂದ ಬೋರ್ಡಿಂಗುಗಳಿಗೆ ಬೆಂಬಲ ಕೊಟ್ಟು ಬೆಳೆಸಿದರು. ಮರಾಠಾ, ಜೈನ, ಲಿಂಗಾಯತ ಹೀಗೆ ಒಂದೊಂದು ಸಮುದಾಯದ ಮಕ್ಕಳಿಗೆ ಒಂದೊಂದು. 1906ರಲ್ಲಿ ಮುಸ್ಲಿಂ ಬೋರ್ಡಿಂಗ್ ಆಯಿತು. ಸಾತಾರಾದಲ್ಲಿ ಭಾವುರಾವ್ ಪಾಟೀಲರು 1924ರಲ್ಲಿ ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ದುಡಿದು, ಉಂಡು, ಓದುವ ಬೋರ್ಡಿಂಗ್ ತೆರೆದರು. ಅದಕ್ಕೆ ಶಾಹೂ ಮಹಾರಾಜರ ಹೆಸರನ್ನೇ ಇಟ್ಟರು. ಧಾರವಾಡದ ಮುರುಘಾಮಠದಲ್ಲಿ ಹಳ್ಳಿ ಮಕ್ಕಳಿಗೆ ಪ್ರಸಾದ ನಿಲಯ ನಡೆಯಿತು.

ನಮ್ಮ ಬ್ಯಾರಿಗಳಿಗೂ ಇದು ಗೊತ್ತಿರುವ ವಿಷಯವೇ. ಪಳ್ಳಿ ದರ್ಸಿಗೆ ದೂರದ ಊರಿನಿಂದ ಬಂದ ಮುತಅಲ್ಲಿಂಗಳಿಗೆ ಜಮಾಅತಿನ ಮನೆಗಳು ಸರದಿಯಲ್ಲಿ ಊಟ ಕೊಡುತ್ತಿದ್ದದ್ದು ನಿಮ್ಮಲ್ಲಿ ಹಲವರು ಕಂಡದ್ದೇ. ನಮ್ಮ ಮನೆಗೂ ಒಬ್ಬರು ಬರುತ್ತಿದ್ದರು. ಉಮ್ಮ ಮೊದಲು ಅವರ ತಟ್ಟೆ ತುಂಬಿಸಿ, ಆಮೇಲೆ ನಮಗೆ ಬಡಿಸುತ್ತಿದ್ದರು. ಕೈರೋದ ಅಲ್-ಅಝ್ಹರಿನಲ್ಲಿ ಒಂದೊಂದು ನಾಡಿನ ವಿದ್ಯಾರ್ಥಿಗಳಿಗೆ ಒಂದೊಂದು ರಿವಾಕ್ ಇತ್ತು, ಅಂದರೆ ಆ ನಾಡಿನವರ ಪಡಸಾಲೆ. ಮಗ್ರಿಬಿನವರಿಗೆ ಒಂದು, ಸಿರಿಯಾದವರಿಗೆ ಒಂದು. ಇಟಲಿಯ ಬೊಲೋನ್ಯಾದಲ್ಲೂ ಹೊರನಾಡಿನ ವಿದ್ಯಾರ್ಥಿಗಳು ನಾಡುವಾರು ಕೂಟ ಕಟ್ಟಿಕೊಂಡಿದ್ದರು. 1987ರಲ್ಲಿ ಯುರೋಪಿನವರು ಶುರುಮಾಡಿದ ಎರಾಸ್ಮಸ್ ಯೋಜನೆ ಇದನ್ನೇ ಸರ್ಕಾರದ ಖರ್ಚಿನಲ್ಲಿ ಮಾಡುತ್ತದೆ. ಅಲ್ಲಿ ಹೊಸಬನಿಗೆ ದಾರಿ ತೋರಿಸಲು ಹಳೆ ವಿದ್ಯಾರ್ಥಿಯೊಬ್ಬನನ್ನು ಜೊತೆ ಮಾಡುವ ವಾಡಿಕೆಯೂ ಇದೆ.

ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದು. 2005ರಲ್ಲಿ ನನಗೆ ಗೊತ್ತಿದ್ದದ್ದು ಇಷ್ಟೇ: ಕೋಣೆಯವನು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಶನಿವಾರ ಮಧ್ಯಾಹ್ನ ಅವನನ್ನು ಎಳೆದುಕೊಂಡು ಮಂಜೇಶ್ವರದ ರೈಲು ಹತ್ತಿದೆ.

ಕುಚ್ಚಲಕ್ಕಿ ಅನ್ನ ಅವನಿಗೆ ಇಳಿಯುತ್ತಿರಲಿಲ್ಲ. "ಅನ್ನ ಎಷ್ಟು ಉಂಡ್ರೂ ಹೊಟ್ಟಿ ತುಂಬಿಧಂಗ ಆಗಂಗಿಲ್ಲೋ" ಎನ್ನುತ್ತಿದ್ದ. ಮಾಂಸ ಮೀನು ಮುಟ್ಟುವವನಲ್ಲ. ಉಮ್ಮನಿಗೆ ಕನ್ನಡ ಅಷ್ಟಕ್ಕಷ್ಟೆ, ಅವನ ಕನ್ನಡವಂತೂ ಒಂದು ಅಕ್ಷರ ತಿಳಿಯಲಿಲ್ಲ. "ಚೋರು ಬೇಚಾ?" ಎಂದು ಬ್ಯಾರಿಯಲ್ಲೇ ಕೇಳಿದರು. ಊಟ ಆಯಿತಾ ಎಂದು ಕೇಳುತ್ತಿದ್ದಾರೆ ಎಂದು ನಾನು ಹೇಳುವ ಮೊದಲೇ ಅವನಿಗೆ ಅರ್ಥವಾಯಿತು. ಆ ಪ್ರಶ್ನೆ ಯಾವ ಭಾಷೆಯಲ್ಲಿ ಕೇಳಿದರೂ ಅರ್ಥವಾಗುತ್ತದೆ. ಉಮ್ಮ ಅಕ್ಕಿ ಹಿಟ್ಟಿನ ಪತ್ತಿರ್ ತಟ್ಟಿ, ಬದನೆಕಾಯಿ ಪಲ್ಯ ಮಾಡಿ ಕೊಟ್ಟರು. ತಟ್ಟುವುದನ್ನು ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ. "ನಮ್ಮವ್ವನೂ ಹಿಂಗ ಬಡೀತಾಳ" ಎಂದ. ಎಂಟು ತಿಂದ.

ಮುಂದಿನ ಸಲ ಹೋದಾಗ ಅಡುಗೆಮನೆಯ ಮೊಳೆಗೆ ಹೊಸ ಅಲ್ಯೂಮಿನಿಯಂ ಬಾಣಲೆಯೊಂದು ನೇತಾಡುತ್ತಿತ್ತು. ಮೀನು ಮಾಂಸದ ಪಾತ್ರೆಗಳಿಂದ ದೂರ. ಯಾರೂ ಏನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಮೂರು ವರ್ಷ ಅದರಲ್ಲಿ ಬೇರೆ ಏನನ್ನೂ ಬೇಯಿಸಿದ್ದನ್ನು ನಾನು ಕಾಣೆ. ಉಪ್ಪ ಮಂಗಳೂರು ಬಂದರ್‌ಗೆ ಸಾಮಾನು ತರಲು ಹೋದಾಗ ಐದು ಕಿಲೋ ಜೋಳ ತಂದು, ಬೀಸಿಸಿ, ಹಾಸ್ಟೆಲಿಗೆ ಕಳಿಸಿದರು. ಕರಾವಳಿಯ ಜೀನಸು ಅಂಗಡಿಯಲ್ಲಿ ಆಗ ಜೋಳ ಕೇಳುವವರೇ ಇರಲಿಲ್ಲ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿಗೆ ಒಂದು ಪುಟ ತೆರೆದರು: ಜೋಳ, ಸಾಬೂನು, ಒಂದು ಛತ್ರಿ. ಮೆಸ್ಸಿನ ಬಾಕಿಗೆ ಕೊಟ್ಟ ಹಣವೂ ಅಲ್ಲೇ ಬರೆದಿತ್ತು. ನನಗೆ ಸಿಟ್ಟು ಬಂತು. ಗೆಳೆಯನಿಗೆ ಕೊಟ್ಟದ್ದಕ್ಕೂ ಲೆಕ್ಕವೇ ಎಂದೆ. ಉಪ್ಪ ಹೇಳಿದರು, "ಪುಕ್ಕಟೆ ಎಂದು ಗೊತ್ತಾದರೆ ಅವನು ನಾಳೆ ಬರುವುದಿಲ್ಲ. ಲೆಕ್ಕ ಇದ್ದರೆ ಬರುತ್ತಾನೆ." ಅವನು ಬಂದ.

ಹಾಗೆ ಹಾಗೆ ಅವನು ಹೊಂದಿಕೊಂಡ. ಊರಿನಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಕಂಡವನು ಮೂರೂವರೆ ಸಾವಿರ ಮಿಲಿಮೀಟರ್ ಸುರಿಯುವಲ್ಲಿ ಬಟ್ಟೆ ಒಣಗಿಸುವುದನ್ನು ಕಲಿತ. ನೋಟ್‌ಬುಕ್ಕಿಗೆ "ವಹಿ", ರಜೆಗೆ "ಸೂಟಿ", ನಿಜಕ್ಕೆ "ಖರೇ" ಎನ್ನುತ್ತಿದ್ದವನು ಎರಡನೇ ವರ್ಷಕ್ಕೆ "ಎಂಥದು ಮಾರಾಯ" ಎನ್ನತೊಡಗಿದ. ನಾಲ್ಕನೇ ತರಗತಿಯಲ್ಲಿ ಅವನು ಕನ್ನಡದಲ್ಲೇ ಓದಿದ್ದು ಶಿವಾಜಿ ಮಹಾರಾಜರ ಚರಿತ್ರೆ. ಅದರ ಕೋಟೆಗಳ ಹೆಸರು ಒಂದೂ ಬಿಡದೆ ಹೇಳುತ್ತಿದ್ದ. ಪುತ್ತೂರಿನವನು ಕಿತ್ತೂರು ಚೆನ್ನಮ್ಮನ ಕತೆ ಹೇಳಿದರೆ ಇವನಿಗೆ ಹೊಸತು, ನನಗೂ ಅಷ್ಟೇ. ವರ್ಕ್‌ಶಾಪಿನಲ್ಲಿ ಅವನ ಕೈ ನಮ್ಮೆಲ್ಲರಿಗಿಂತ ಚೆನ್ನ. ಶಾಫ್ಟು ಮತ್ತು ಬೇರಿಂಗಿನ ನಡುವೆ ಕೂದಲೆಳೆಯಷ್ಟು ಜಾಗ ಬಿಡದಿದ್ದರೆ ಎರಡೂ ಹಿಡಿದುಕೊಳ್ಳುತ್ತವೆ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಪರವೂರಿನವನನ್ನು ಸೇರಿಸಿಕೊಳ್ಳುವುದಕ್ಕೂ ಆ ಮಾತು ಸರಿ. ಅವನಿಗೆ ಅವನ ರೊಟ್ಟಿ, ಅವನ ಮಾತು, ಅವನ ಬಾಣಲೆ ಇರಲಿಕ್ಕೆ ಅಷ್ಟು ಜಾಗ ಬಿಡಬೇಕು.

2008ರಲ್ಲಿ ಡಿಪ್ಲೊಮಾ ಮುಗಿಸಿ ಹೊರಟ. ಈಗ ಮಿರಜ್ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ, ಮನೆ ಊರಿನಲ್ಲೇ. ನಾನು ಅವನ ಊರಿಗೆ ಹೋದದ್ದು 2022ರ ಡಿಸೆಂಬರಿನಲ್ಲಿ. ಮಂಗಳೂರಿನಿಂದ ವಿಜಯಪುರಕ್ಕೆ ರೈಲು, ಅಲ್ಲಿಂದ ಗುಹಾಗರ ಹೆದ್ದಾರಿಯಲ್ಲಿ ಬಸ್ಸು. ಗಡಿ ದಾಟಿದ್ದು ಗೊತ್ತಾದದ್ದು ಮೈಲಿಗಲ್ಲಿನ ಅಕ್ಷರ ಬದಲಾದಾಗ ಮಾತ್ರ. ಬಸ್ಸಿನೊಳಗಿನ ಮಾತು ಬದಲಾಗಲಿಲ್ಲ. ಆ ದಿನಗಳಲ್ಲಿ ಜತ್ತ ಪತ್ರಿಕೆಗಳಲ್ಲಿತ್ತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತದ 40 ಪಂಚಾಯಿತಿಗಳು ಕರ್ನಾಟಕ ಸೇರಲು ಹಿಂದೆಯೇ ಠರಾವು ಮಾಡಿದ್ದವು ಎಂದಿದ್ದರು. ಅದು ಹತ್ತು ವರ್ಷ ಹಿಂದಿನ ಬರಗಾಲದ, 2012ರ ಮಾತು ಎಂದು ಮಹಾರಾಷ್ಟ್ರದ ಕಡೆಯಿಂದ ಉತ್ತರ ಬಂದಿತ್ತು. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಕರ್ನಾಟಕದಿಂದ ಜತ್ತದ ಹಳ್ಳಿಗೆ ಹರಿದದ್ದನ್ನು ಜನ ಹೋಗಿ ನೋಡಿ ಬರುತ್ತಿದ್ದರು. ಗೆಳೆಯನ ಅಪ್ಪನನ್ನು ನಾನು ಕೇಳಿದೆ, "ಕಾಕಾ, ನಿಮಗೆ ಯಾವ ರಾಜ್ಯ ಬೇಕು?" ಅವರು ನಕ್ಕರು. "ಯಾರು ನೀರ ಕೊಡ್ತಾರ, ಯಾರು ಸಾಲಿಗೆ ಮಾಸ್ತರನ್ನ ಕೊಡ್ತಾರ, ಅವರು ಬೇಕ್ರಿ" ಎಂದರು.

ಮಾಸ್ತರನ ಮಾತು ಸುಮ್ಮನೆ ಬಂದದ್ದಲ್ಲ. 2024ರಲ್ಲಿ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ಸುದ್ದಿಯಾಯಿತು. ಮಂಜೇಶ್ವರ, ಕಾಸರಗೋಡಿನವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಕನ್ನಡ ಬಾರದ ಮಲಯಾಳಿ ಶಿಕ್ಷಕರನ್ನು ಕನ್ನಡ ತರಗತಿಗೆ ಹಾಕಿದಾಗ ಮಕ್ಕಳೇ ಬೀದಿಗೆ ಬಂದಿದ್ದರು. ಶಿಕ್ಷಕರದ್ದು ತಪ್ಪಲ್ಲ, ಅವರೂ ಕೆಲಸಕ್ಕೆ ಬಂದವರು. ಆದರೆ ಗಣಿತ ಗೊತ್ತಿರುವ ಮೇಷ್ಟ್ರು, ಕಲಿಯಲು ಕೂತ ಮಗು, ನಡುವೆ ಮಾತೇ ಇಲ್ಲ. ಬ್ಯಾರಿ ಮಕ್ಕಳಾದ ನಮಗೆ ಕನ್ನಡವೂ ಎರಡನೇ ಭಾಷೆ. ಶಾಲೆಯಲ್ಲಿ ಮೊದಲ ವರ್ಷ ಬಾಯಿ ಮುಚ್ಚಿ ಕೂತದ್ದು ಹೇಗಿರುತ್ತದೆ ಎಂದು ನಮಗೆ ಗೊತ್ತು. ನಮ್ಮ ಮಾತಿಗೆ ಕರ್ನಾಟಕದಲ್ಲಿ ಅಕಾಡೆಮಿ ಬಂದದ್ದು 2007ರಲ್ಲಿ, ನಾವಿಬ್ಬರು ಎರಡನೇ ವರ್ಷ ದಾಟುತ್ತಿದ್ದಾಗ. ಅದರ ಸುದ್ದಿಯನ್ನು ಪೇಪರಿನಲ್ಲಿ ಮೊದಲು ಓದಿ ನನಗೆ ತೋರಿಸಿದವನು ಜತ್ತದವನೇ.

ಕಳೆದ ತಿಂಗಳು ಅವನ ಫೋನು ಬಂತು. ಮಗಳು ನಾಲ್ಕನೇ ತರಗತಿ ಮುಗಿಸುತ್ತಿದ್ದಾಳೆ. ಕನ್ನಡ ಮಾಧ್ಯಮದಲ್ಲೇ ಮುಂದುವರಿಸಬೇಕೋ, ಜತ್ತದ ಇಂಗ್ಲಿಷ್ ಶಾಲೆಗೆ ಹಾಕಬೇಕೋ ಎಂಬ ಚಿಂತೆ. ಅವಳ ಶಾಲೆಯಲ್ಲಿ ಕನ್ನಡ ಕಲಿಸುವವರು ಒಬ್ಬರೇ ಉಳಿದಿದ್ದಾರೆ. "ಕನ್ನಡದಾಗ ಓದಿಸಿದ್ರ ಆಕಿ ಮುಂದ ಆ ಕಡೀಗೆ ಬರಬೇಕಾಗ್ತೈತಿ. ಬಂದ್ರ ಯಾರರ ನೋಡ್ಕೋತಾರೇನೋ?" ಎಂದು ಕೇಳಿದ. ನಾನು ಥಟ್ಟನೆ ಹೌದು ಎನ್ನಲಿಲ್ಲ. ಅವನು ಕೇಳಿದ್ದು ನನ್ನ ಮನೆಯ ಬಗ್ಗೆ ಮಾತ್ರ ಅಲ್ಲ. ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವಾಗ ಯಾರು ಜೊತೆ ನಿಲ್ಲುತ್ತಾರೆ ಎಂದು ಕೇಳಿದ್ದ. ಹೆಣ್ಣು ಮಗುವಿಗೆ ಅದು ಇನ್ನೂ ಕಷ್ಟ. "ಮನೆ ಇದೆ, ನನ್ನ ಹೆಂಡತಿ ಇದ್ದಾಳೆ, ಕಚೇರಿಗೆ ನಾನೇ ಬರುತ್ತೇನೆ" ಎಂದೆ. ಅಷ್ಟು ಹೇಳಬಹುದಿತ್ತು, ಹೇಳಿದೆ. ಯಾವ ಶಾಲೆ ಎಂದು ಅವನು ಇನ್ನೂ ನಿರ್ಧಾರ ಮಾಡಿಲ್ಲ.

ಈ ಬರಹ ಓದುವವರಲ್ಲಿ ಮಂಗಳೂರು, ಪುತ್ತೂರು, ಉಡುಪಿಯಲ್ಲಿ ಮನೆ ಇರುವವರು ಬಹಳ ಮಂದಿ ಇದ್ದೀರಿ. ನಿಮ್ಮ ಹತ್ತಿರದ ಹಾಸ್ಟೆಲಿನಲ್ಲಿ ಜತ್ತದವರೋ ಅಕ್ಕಲಕೋಟೆಯವರೋ ಇರಬಹುದು. ಜಾತಿ ಪ್ರಮಾಣಪತ್ರ, ವಾಸದ ದಾಖಲೆ, ವಿದ್ಯಾರ್ಥಿವೇತನದ ಅರ್ಜಿಗೆ ಒಮ್ಮೆ ಜೊತೆಗೆ ಹೋಗಿ ನಿಂತರೆ ಅವರ ಒಂದು ವರ್ಷ ಉಳಿಯಬಹುದು. ಹಬ್ಬಕ್ಕೆ ಒಂದು ದಿನ ಮನೆಗೆ ಕರೆಯಿರಿ. ಅವರು ಏನು ತಿನ್ನುವುದಿಲ್ಲ ಎಂದು ಮೊದಲೇ ಕೇಳಿಕೊಳ್ಳಿ.

ಉಪ್ಪ ಈಗ ಅಂಗಡಿಗೆ ಬೆಳಿಗ್ಗೆ ಮಾತ್ರ ಬರುತ್ತಾರೆ. ಹಳೆ ಲೆಕ್ಕದ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕುವಾಗ ಆ ಪುಟ ಸಿಕ್ಕಿತು. ಕೆಲಸ ಸಿಕ್ಕಿದ ಮೊದಲ ವರ್ಷದಲ್ಲೇ ಅವನು ಎಲ್ಲ ಬಾಕಿಯನ್ನೂ ಮನಿಯಾರ್ಡರಿನಲ್ಲಿ ತೀರಿಸಿದ್ದಾನೆ. ಒಂದು ಸಾಲಿಗೆ ಮಾತ್ರ ಮೊತ್ತ ಬರೆದಿಲ್ಲ. ಬಾಣಲೆ ಒಂದು ಎಂದಿದೆ, ಮುಂದೆ ಖಾಲಿ. ಉಪ್ಪನನ್ನು ಕೇಳಿದೆ. "ಅದು ನಿನ್ನ ಉಮ್ಮನ ಲೆಕ್ಕ" ಎಂದರು. ಬಾಣಲೆ ಈಗಲೂ ಅದೇ ಮೊಳೆಯಲ್ಲಿದೆ.